ಶೂ ಕಚ್ಚಿದ್ದಕ್ಕೆ ಮೆರೋಪೆನೆಮ್

ನಮ್ಮ ಆಸ್ಪತ್ರೆಯಲ್ಲಿ ಔಷಧಕ್ಕೂ ಅಂತಸ್ತು ಇದೆ. ಜನರಲ್ ವಾರ್ಡಿನವರಿಗೆ ಅಮಾಕ್ಸಿಸಿಲಿನ್, ಇಬ್ಬರು ಮಲಗುವ ಕೋಣೆಯವರಿಗೆ ಸೆಫಲೋಸ್ಪೊರಿನ್, ಒಬ್ಬರೇ ಮಲಗಿ ಟಿವಿ ನೋಡುವ ಡಿಲಕ್ಸ್ ಕೋಣೆಯವರಿಗೆ ಮೆರೋಪೆನೆಮ್. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಆದರೆ ಡಿಲಕ್ಸ್ ಕೋಣೆಯ ರೋಗಿಗೆ ಅಮಾಕ್ಸಿಸಿಲಿನ್ ಬರೆದು ನೋಡಿ. ಅವರ ಕಡೆಯವರು ಮುಖ ಊದಿಸಿಕೊಂಡು, "ಇದನ್ನ ನಮ್ಮ ಡ್ರೈವರ್‌ಗೂ ಕೊಟ್ಟಿದ್ರಲ್ಲ" ಅನ್ನುತ್ತಾರೆ. ಡ್ರೈವರಿಗೆ ಅದರಿಂದಲೇ ವಾಸಿಯಾಯಿತು ಅನ್ನುವುದು ಅವರ ಸಿಟ್ಟನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಈ ಅಂತಸ್ತಿಗೆ ಅಡ್ಡಗಾಲು ಹಾಕುವುದು ನನ್ನ ಕೆಲಸ. ನಾನು ಈ ಆಸ್ಪತ್ರೆ ಕಟ್ಟಿದ ಮನೆಯ ಕಿರಿಯ ಸೊಸೆ. ನಾನೂ ಡಾಕ್ಟರೇ, ಔಷಧಶಾಸ್ತ್ರ ಓದಿ ಕಾಲೇಜಿನಲ್ಲಿ ಅದನ್ನೇ ಪಾಠ ಹೇಳುವವಳು. ಮಾವ ಸರ್ಜನ್, ಬಾವ ಫಿಸಿಶಿಯನ್, ನನ್ನ ಗಂಡ ಎಕ್ಸ್‌ರೇ ನೋಡುವ ಡಾಕ್ಟರು. ನಾನು ಈ ಮನೆಗೆ ಬಂದ ಹೊಸದರಲ್ಲೇ ಮಾವ ನನ್ನನ್ನು ಆಂಟಿಬಯೋಟಿಕ್ ಸಮಿತಿಯ ಅಧ್ಯಕ್ಷೆ ಮಾಡಿದರು. ತಪಾಸಣೆಗೆ ಬರುವವರು ಇಂಥದ್ದೊಂದು ಸಮಿತಿ ಇದೆಯಾ ಎಂದು ಕೇಳುತ್ತಾರಂತೆ. ಆಗ ನನ್ನನ್ನು ಕರೆದು ತೋರಿಸುತ್ತಾರೆ. ಉಳಿದ ಸದಸ್ಯರು ಮಾವ, ಬಾವ ಮತ್ತು ನನ್ನ ಗಂಡ. ಭಾನುವಾರ ಎಲ್ಲರೂ ಊಟಕ್ಕೆ ಕೂತರೆ ಸಭೆ ನಡೆದ ಹಾಗೆಯೇ.

ಅಧಿಕಾರ ಅಂತ ನನ್ನ ಹತ್ತಿರ ಇರುವುದು ಒಂದು ಬೀಗದ ಕೈ. ಔಷಧಿ ಅಂಗಡಿಯ ಒಳಗಡೆ ಒಂದು ಬೂದು ಬಣ್ಣದ ಕಬ್ಬಿಣದ ಬೀರು ಇದೆ, ಮೆರೋಪೆನೆಮ್ ಸೇರಿದ ಕಾರ್ಬಪೆನೆಮ್ ಗುಂಪಿನ ಇಂಜೆಕ್ಷನ್‌ಗಳೆಲ್ಲ ಅದರೊಳಗೆ. ಬ್ಯಾಕ್ಟೀರಿಯಾಗಳೂ ಸುಮ್ಮನೆ ಕೂತಿಲ್ಲ. ಪೆನಿಸಿಲಿನ್ ಜಾತಿಯ ಔಷಧಗಳನ್ನು ಕತ್ತರಿಸಿ ಹಾಕುವ ಕಿಣ್ವಗಳನ್ನು ತಯಾರು ಮಾಡಿಕೊಂಡಿವೆ. ಆ ಕತ್ತರಿಗಳಲ್ಲಿ ಹೆಚ್ಚಿನವಕ್ಕೆ ಜಗ್ಗದೆ ನಿಲ್ಲುವುದು ಕಾರ್ಬಪೆನೆಮ್. ಅದಕ್ಕೂ ಬಗ್ಗದ ಬ್ಯಾಕ್ಟೀರಿಯಾ ಹುಟ್ಟಿದರೆ ಮುಂದೆ ನಮ್ಮ ಕೈಯಲ್ಲಿ ಉಳಿಯುವುದು ಕಿಡ್ನಿ ಕೆಡಿಸುವ ಒಂದೆರಡು ಹಳೆಯ ಔಷಧಗಳು ಮತ್ತು ಸಮಾಧಾನದ ಮಾತುಗಳು. ಹಾಗಾಗಿ ಅದನ್ನು ನಿಜವಾಗಿ ಸಾವಿನ ಬಾಗಿಲಲ್ಲಿರುವವರಿಗೆ ಎತ್ತಿಡಬೇಕು ಎಂದು ನಾನು ಹಟ ಹಿಡಿಯುತ್ತೇನೆ. ಆಸ್ಪತ್ರೆಯವರೆಲ್ಲ ನನ್ನನ್ನು ಬೆನ್ನ ಹಿಂದೆ ಕಂಜೂಸಮ್ಮ ಅನ್ನುತ್ತಾರೆ. ಅತ್ತೆ ಎದುರಿಗೇ ಅನ್ನುತ್ತಾರೆ.

ಅತ್ತೆ ಡಾಕ್ಟರಲ್ಲ. ಆದರೆ ಆಸ್ಪತ್ರೆ ನಡೆಸುವುದು ಅವರೇ. ಪರದೆಯ ಬಣ್ಣದಿಂದ ಹಿಡಿದು ಯಾವ ರೋಗಿಯನ್ನು ಯಾರು ಬಾಗಿಲವರೆಗೆ ಬೀಳ್ಕೊಡಬೇಕು ಎಂಬುದರವರೆಗೆ ಅವರ ತೀರ್ಮಾನ. ಆ ಬೀರುವಿನ ಬೀಗದ ಕೈ ಸೊಸೆಯ ಕೋಟಿನ ಜೇಬಿನಲ್ಲಿ ಇರುವುದು ಅವರಿಗೆ ಇವತ್ತಿಗೂ ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳು. ಅವರ ಲೆಕ್ಕದಲ್ಲಿ ಅದು ಅಡುಗೆಮನೆಯ ಉಗ್ರಾಣ. ಒಳ್ಳೆಯ ಸಾಮಾನನ್ನು ಬಂದವರಿಗೆ ಬಡಿಸದೆ ಬೀಗ ಹಾಕಿಟ್ಟರೆ ಮನೆಯ ಮಾನ ಉಳಿಯುವುದು ಹೇಗೆ ಎಂಬುದು ಅವರ ಪ್ರಶ್ನೆ.

ಹೀಗಿರುವಾಗ ಬಾವನ ಮಗಳಿಗೆ ಗಂಡು ಗೊತ್ತಾಯಿತು. ಹುಡುಗಿ ಡಾಕ್ಟರಾಗುವುದಿಲ್ಲ ಎಂದು ಮನೆಯವರ ಜೊತೆ ಜಗಳ ಆಡಿ ಕಟ್ಟಡಗಳ ನಕ್ಷೆ ಬರೆಯುವುದನ್ನು ಕಲಿತವಳು. ನಮ್ಮ ಮನೆಯಲ್ಲಿ ನನ್ನ ಮಾತಿಗೆ ನಗುವ ಒಂದೇ ಜೀವ. ಹುಡುಗ ನೀರು ಸರಬರಾಜಿನ ಎಂಜಿನಿಯರು. ಅವರ ಮನೆ ನಮ್ಮದಕ್ಕಿಂತ ಒಂದು ಕೈ ಮೇಲು. ಅದು ಅತ್ತೆಗೆ ಖುಷಿಯೂ ಹೌದು, ತಲೆನೋವೂ ಹೌದು. ಮಾತು ಮುಗಿಸಲು ಹುಡುಗ ತಂದೆ ತಾಯಿಯ ಜೊತೆ ನಮ್ಮ ಮನೆಗೆ ಬಂದ. ತಾಯಿ ಆರಿಸಿ ಕೊಡಿಸಿದ ಹೊಸ ಶೂ ಹಾಕಿಕೊಂಡಿದ್ದ. ಒಂದು ಅಳತೆ ಚಿಕ್ಕದು, ಆದರೆ ತುಂಬ ಹೊಳೆಯುತ್ತಿತ್ತು. ಅತ್ತೆ ಅವನಿಗೆ ಆಸ್ಪತ್ರೆಯ ನಾಲ್ಕೂ ಮಹಡಿ ಹತ್ತಿಸಿ ಇಳಿಸಿ, ಲಾಂಡ್ರಿಯನ್ನೂ ಬಿಡದೆ ತೋರಿಸಿದರು. ಅವನು ನಗುನಗುತ್ತಲೇ ಕುಂಟಿದ.

ಮಾರನೇ ಬೆಳಿಗ್ಗೆ ಹಿಮ್ಮಡಿಯ ಗುಳ್ಳೆ ಒಡೆದು, ಪಾದದಿಂದ ಮೀನಖಂಡದವರೆಗೆ ಕೆಂಪಗೆ ಊದಿಕೊಂಡಿತ್ತು. ಮೈ ಬಿಸಿಯಾಗಿತ್ತು. ಚರ್ಮದಡಿ ಸೋಂಕು. ದಿನಕ್ಕೆ ಇಂಥವರು ನಾಲ್ಕೈದು ಮಂದಿ ನಮ್ಮಲ್ಲಿ ಬಂದು, ಕ್ಲಾಕ್ಸಾಸಿಲಿನ್ ತಗೊಂಡು, ಕಾಲನ್ನು ದಿಂಬಿನ ಮೇಲೆ ಇಟ್ಟುಕೊಂಡು ವಾಸಿ ಮಾಡಿಕೊಂಡು ಹೋಗುತ್ತಾರೆ. ಆದರೆ ಇವನು ಭಾವಿ ಅಳಿಯ. ಡಿಲಕ್ಸ್ ಕೋಣೆ, ಕಿಟಕಿ ಕಡೆಯ ಮಂಚ, ಹೊಸ ಹೊದಿಕೆ.

ನಾನು ಹೋದಾಗ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹುಡುಗನ ತಲೆಯ ಬಳಿ ಅವನ ತಾಯಿ, ನಮ್ಮ ಬೀಗಿತ್ತಿ, ತುಟಿ ಬಿಗಿದುಕೊಂಡು ಕೂತಿದ್ದರು. ತೊಡೆಯ ಮೇಲೆ ಕೈಚೀಲ. ಬೀಗರು ಕಿಟಕಿಯ ಹತ್ತಿರ ನಿಂತು ಪಾರ್ಕಿಂಗ್ ಜಾಗ ನೋಡುತ್ತಿದ್ದರು. ನಾನು ಎಲ್ಲ ರೋಗಿಗಳನ್ನೂ ಕೇಳುವ ಪ್ರಶ್ನೆಗಳನ್ನು ಹುಡುಗನನ್ನೇ ನೋಡಿಕೊಂಡು ಕೇಳಿದೆ.

"ಯಾವುದಾದ್ರೂ ಔಷಧಿ ಮೈಗೆ ಆಗಲ್ವಾ?"

"ಇಲ್ಲ, ಅವನಿಗೆ ಎಲ್ಲ ಆಗುತ್ತೆ," ಎಂದರು ತಾಯಿ.

"ಮೊದಲಿಂದ ಏನಾದ್ರೂ ಕಾಯಿಲೆ ಇದೆಯಾ?"

"ನಮ್ಮ ಮನೇಲಿ ಯಾರಿಗೂ ಏನೂ ಇಲ್ಲ."

"ದಿನಾ ತಗೊಳ್ಳೋ ಮಾತ್ರೆ?"

"ಬರೀ ವಿಟಮಿನ್. ನರಕ್ಕೆ ಒಳ್ಳೇದು ಅಂತ."

ಹುಡುಗ ಬಾಯಿ ತೆರೆದಿದ್ದ. ತಾಯಿ ಅವನ ಹಣೆ ಒರೆಸಿದರು, ಬಾಯಿ ಮುಚ್ಚಿಕೊಂಡ. ಮೂವತ್ತು ದಾಟಿದ, ಊರಿಗೆಲ್ಲ ನೀರು ಬಿಡುವ ಗಂಡಸು. ಮಗನಿಗೆ ಕೇಳಿದ್ದಕ್ಕೆ ತಾಯಿ ಉತ್ತರ ಕೊಡುವುದು, ಹೆಂಡತಿಗೆ ಕೇಳಿದ್ದಕ್ಕೆ ಗಂಡ ಉತ್ತರ ಕೊಡುವುದು ನಮಗೆಲ್ಲ ಎಷ್ಟು ರೂಢಿಯಾಗಿದೆ ಎಂದರೆ, ಕಾಯಿಲೆಯವರೇ ಮಾತಾಡಿದರೆ ಯಾರೋ ನಡುವೆ ಬಾಯಿ ಹಾಕಿದ ಹಾಗೆ ಕೇಳಿಸುತ್ತದೆ. ನಾನು ಕ್ಲಾಕ್ಸಾಸಿಲಿನ್ ಎಂದು ಬರೆದು ಹೊರಗೆ ಬಂದೆ. ಅತ್ತೆ ಹಿಂದೆಯೇ ಬಂದರು.

"ಏನ್ ಬರ್ದೆ?"

ಹೇಳಿದೆ.

"ಅದು ಗೇಟಿನ ವಾಚ್‌ಮನ್ ಕಾಲಿಗೆ ಮುಳ್ಳು ಚುಚ್ಚಿದಾಗ ಕೊಟ್ಟಿದ್ದಲ್ವಾ?"

"ಹೌದತ್ತೆ. ವಾಸಿ ಆಯ್ತಲ್ಲ."

"ಬೀಗಿತ್ತಿ ಫೋನಲ್ಲಿ ಎಲ್ಲ ಹುಡುಕಿ ನೋಡ್ತಾರಮ್ಮ. ನಾಳೆ ನಾಲ್ಕು ಜನರ ಮುಂದೆ, ಅಷ್ಟು ದೊಡ್ಡ ಆಸ್ಪತ್ರೆ ಇಟ್ಕೊಂಡು ನಮ್ಮ ಮಗನಿಗೆ ಸಾದಾ ಕ್ಯಾಪ್ಸೂಲ್ ಕೊಟ್ರು ಅಂದ್ರೆ ನಾನು ಮುಖ ಎಲ್ಲಿಟ್ಕೊಳ್ಲಿ? ಬೀರುನಲ್ಲಿರೋದು ಕೊಡು." ಹಾಗೆಂದು ಕೈ ಚಾಚಿದರು.

ಕೊಡುವುದಿಲ್ಲ ಎಂದೆ. ಅತ್ತೆ ಜಗಳ ಆಡಲಿಲ್ಲ. ಸಮಿತಿಯ ಸಭೆ ಕರೆಸಿದರು.

ಸಭೆ ಲಿಫ್ಟಿನ ಎದುರಿಗೆ ನಿಂತುಕೊಂಡೇ ನಡೆಯಿತು. ಬಾವ, "ಹುಡುಗಿ ಅಪ್ಪನಾಗಿ ನಾನು ಏನಂತ ಬೇಡ ಅನ್ಲಿ?" ಎಂದರು. ಮಾವ ಗಂಟಲು ಸರಿಮಾಡಿಕೊಂಡು, ತಮ್ಮ ಕಾಲದಲ್ಲಿ ಪೆನಿಸಿಲಿನ್ನೇ ಸಾಕಾಗುತ್ತಿತ್ತು, ಆಗಿನ ಜನವೂ ಹಾಗಿದ್ದರು ಎಂದು ಶುರುಮಾಡಿ, ಅತ್ತೆಯ ಮುಖ ನೋಡಿ, ಈಗಿನ ಜನ ಬೇರೆ ಎಂದು ಮುಗಿಸಿದರು. ನನ್ನ ಗಂಡ ಲಿಫ್ಟ್ ಯಾವ ಮಹಡಿಯಲ್ಲಿದೆ ಎಂದು ತೋರಿಸುವ ಕೆಂಪು ಅಂಕಿಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ. ಲಿಫ್ಟ್ ಬಂದ ಕೂಡಲೇ ಹತ್ತಿ ಹೋದ. ಹೀಗೆ ಬಹುಮತದಿಂದ ಮೆರೋಪೆನೆಮ್ ಮಂಜೂರಾಯಿತು. ಬೀಗದ ಕೈಯನ್ನು ಮಾವನ ಅಂಗೈ ಮೇಲೆ ಇಡುವಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕಾರ್ಬಪೆನೆಮ್‌ಗಳನ್ನು ಹೆಚ್ಚಾಗಿ ನರಕ್ಕೇ ಹಾಕಬೇಕು. ಮೆರೋಪೆನೆಮ್ ನುಂಗಿದರೆ ಕೆಲಸಕ್ಕೆ ಬರುವುದಿಲ್ಲ. ಇದೂ ಅತ್ತೆಗೆ ಅನುಕೂಲವೇ ಆಯಿತು. ಬಾಟಲಿ ತೂಗುಹಾಕಿದರೆ ಉಪಚಾರ ಕಣ್ಣಿಗೆ ಕಾಣುತ್ತದೆ. ಸಿಸ್ಟರ್ ದಿನಕ್ಕೆ ಮೂರು ಸಲ ಬಂದು ಹಾಕುವಾಗಲೆಲ್ಲ ಅತ್ತೆ ಪಕ್ಕದಲ್ಲಿ ನಿಂತು, "ಇದು ಎಲ್ಲರಿಗೂ ಕೊಡಲ್ಲ, ನಮ್ಮ ಸೊಸೆ ಬೀಗ ಹಾಕಿಟ್ಟಿರ್ತಾಳೆ," ಎಂದು ಬೀಗಿತ್ತಿಗೆ ಹೇಳುತ್ತಿದ್ದರು. ನನ್ನ ಕಂಜೂಸುತನ ಮೊದಲ ಸಲ ಮನೆಗೆ ಗೌರವ ತಂದಿತ್ತು. ಬೀಗಿತ್ತಿ ಫೋನಿನಲ್ಲಿ ಹುಡುಕಿ, ಅದು ಎಂಥ ಔಷಧ ಎಂದು ತಿಳಿದು, ತಮ್ಮ ತಂಗಿಯರಿಗೆಲ್ಲ ಫೋಟೋ ಕಳಿಸಿದರು.

ಕಾಲಿನ ಕೆಂಪು ಇಳಿಯಿತು. ಕ್ಲಾಕ್ಸಾಸಿಲಿನ್‌ಗೂ ಇಷ್ಟೇ ಇಳಿಯುತ್ತಿತ್ತು, ಆದರೆ ಅದನ್ನು ಕೇಳುವವರಿರಲಿಲ್ಲ. ಮೂರನೆಯ ದಿನ ಮಧ್ಯಾಹ್ನ ದೊಡ್ಡವರೆಲ್ಲ ಕೆಳಗೆ ಊಟಕ್ಕೆ ಹೋಗಿದ್ದರು. ಹುಡುಗಿ ಅವನ ಬಳಿ ಕೂತು ಕಾಗದದ ಮೇಲೆ ಏನೋ ಗೆರೆ ಎಳೆದು ತೋರಿಸುತ್ತಿದ್ದಳು. ನಾನು ಬಾಗಿಲು ದಾಟುವುದಕ್ಕೂ ಅವನು ಅರ್ಧ ಮಾತಿಗೆ ನಿಲ್ಲುವುದಕ್ಕೂ ಸರಿಹೋಯಿತು. ಕಣ್ಣು ಒಂದು ಕಡೆಗೆ ತಿರುಗಿತು, ಕೈಕಾಲು ಸೆಟೆದುಕೊಂಡವು, ಮಂಚ ಅಲುಗಾಡತೊಡಗಿತು.

ನಾನೂ ಸಿಸ್ಟರೂ ಓಡಿ ಅವನನ್ನು ಪಕ್ಕಕ್ಕೆ ಹೊರಳಿಸಿದೆವು. ಸಿಸ್ಟರ್ ಸೆಳೆತ ನಿಲ್ಲಿಸುವ ಲೊರಾಜೆಪಾಮ್ ಎಳೆದು ಕೊಟ್ಟಳು, ನರಕ್ಕೆ ಚುಚ್ಚಿದೆ. ಅವನ ತುಟಿ ನೀಲಿಗಟ್ಟಿತ್ತು. ಆ ಹೊತ್ತಿನಲ್ಲಿ ನನಗೆ ನಿಜವಾಗಿ ಭಯವಾಯಿತು. ಶೂ ಕಚ್ಚಿದ ಗಾಯಕ್ಕೆ ಒಬ್ಬ ಗಟ್ಟಿಮುಟ್ಟಾದ ಮನುಷ್ಯನನ್ನು ನಾವು ಕೊಂದೇ ಬಿಡುತ್ತೇವಾ ಅನ್ನಿಸಿತು. ಹುಡುಗಿ ಅವನ ತಲೆಯ ಕೆಳಗೆ ತನ್ನ ಅಂಗೈ ಒಡ್ಡಿ ಹಿಡಿದಿದ್ದಳು. ಕಿರುಚಲಿಲ್ಲ.

"ಚಿಕ್ಕಮ್ಮ, ಅವ್ರಿಗೆ ಫಿಟ್ಸ್ ಇದೆ," ಎಂದಳು. "ವಾಲ್ಪ್ರೋಯೇಟ್ ತಗೋತಾರೆ. ಆರು ವರ್ಷದಿಂದ ಬಂದಿರ್ಲಿಲ್ಲ."

"ನಿಂಗೆ ಗೊತ್ತಿತ್ತಾ?"

"ಮೊದಲನೇ ಸಲ ಕಾಫಿ ಕುಡಿಯೋಕೆ ಹೋದಾಗ್ಲೇ ಹೇಳಿದ್ರು. ದೊಡ್ಡವ್ರಿಗೆ ತಾನೇ ಹೇಳ್ತೀನಿ, ನೀನು ಹೇಳ್ಬೇಡ ಅಂದಿದ್ರು. ಈ ಇಂಜೆಕ್ಷನ್‌ಗೂ ಅದಕ್ಕೂ ಏನು ಸಂಬಂಧ ಅಂತ ನಂಗೆ ಹೇಗೆ ಗೊತ್ತಾಗ್ಬೇಕು?"

ಅವಳಿಗೆ ಗೊತ್ತಾಗಬೇಕಿರಲಿಲ್ಲ. ನನಗೆ ಗೊತ್ತಿತ್ತು, ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಬೋರ್ಡಿನ ಮೇಲೆ ಬರೆದು ಹೇಳುತ್ತೇನೆ. ವಾಲ್ಪ್ರೋಯೇಟನ್ನು ಯಕೃತ್ತು ಪೊಟ್ಟಣ ಕಟ್ಟಿ ಹೊರಗೆ ಹಾಕಲು ಇಡುತ್ತದೆ. ಒಂದು ಕಿಣ್ವ ಅದರಲ್ಲಿ ಒಂದಷ್ಟು ಪೊಟ್ಟಣ ಬಿಚ್ಚಿ ಔಷಧವನ್ನು ಮತ್ತೆ ರಕ್ತಕ್ಕೆ ಬಿಡುತ್ತದೆ. ಕಾರ್ಬಪೆನೆಮ್ ಬಂದು ಆ ಬಿಚ್ಚುವ ಕೈಯನ್ನು ಹಿಡಿದುಕೊಂಡು ಬಿಡುತ್ತದೆ. ಪೊಟ್ಟಣಗಳೆಲ್ಲ ಮೂತ್ರದಲ್ಲಿ ಹೊರಟುಹೋಗುತ್ತವೆ, ಒಂದೆರಡು ದಿನದಲ್ಲಿ ರಕ್ತದಲ್ಲಿ ಔಷಧ ತಳ ಕಾಣುತ್ತದೆ. ಮಾತ್ರೆ ಹೆಚ್ಚು ನುಂಗಿಸಿದರೂ ತೂತು ಕೊಡಕ್ಕೆ ನೀರು ಸುರಿದ ಹಾಗೆ. ಔಷಧಿ ಅಂಗಡಿಯಲ್ಲಿರುವ ಅಷ್ಟೂ ದುಬಾರಿ ಇಂಜೆಕ್ಷನ್‌ಗಳಲ್ಲಿ ಈ ಹುಡುಗನಿಗೆ ಕೊಡಲೇಬಾರದ ಗುಂಪು ಇದೊಂದೇ ಇತ್ತು. ನಾವು ಮರ್ಯಾದೆಗೆಂದು ಅದನ್ನೇ ಕೊಟ್ಟೆವು, ಅವರು ಮರ್ಯಾದೆಗೆಂದು ಕಾಯಿಲೆಯನ್ನೇ ಮುಚ್ಚಿಟ್ಟರು. ಎರಡು ಮನೆಯ ಮರ್ಯಾದೆ ಸೇರಿ ಅವನ ತುಟಿಯನ್ನು ನೀಲಿ ಮಾಡಿತ್ತು.

ಮೆರೋಪೆನೆಮ್ ನಿಲ್ಲಿಸಿದೆ. ಫಿಟ್ಸ್‌ಗೆ ಬೇರೆ ದಾರಿಯಲ್ಲಿ ಕೆಲಸ ಮಾಡುವ ಲೆವೆಟಿರಾಸಿಟಮ್ ಹಾಕಿಸಿದೆ. ಸಂಜೆಯ ಹೊತ್ತಿಗೆ ಅವನಿಗೆ ಪೂರ್ತಿ ಎಚ್ಚರವಾಯಿತು. ನಾಲಿಗೆ ಕಚ್ಚಿಕೊಂಡಿದ್ದ.

"ದೊಡ್ಡವರಿಗೆ ಹೇಳ್ಲಾ?" ಎಂದು ಅವನನ್ನೇ ಕೇಳಿದೆ, ಕೋಣೆಯಲ್ಲಿ ಬೇರೆ ಯಾರೂ ಇಲ್ಲದಾಗ.

"ನಾನೇ ಹೇಳ್ತೀನಿ ಚಿಕ್ಕಮ್ಮ. ಇವತ್ತೊಂದು ದಿನ ಬಿಡಿ," ಎಂದ. ತೊದಲಿದರೂ, ಅವನ ದನಿ ಹೇಗಿದೆ ಎಂದು ನನಗೆ ಆವತ್ತೇ ಗೊತ್ತಾಗಿದ್ದು.

ಆ ಒಂದು ದಿನದಲ್ಲಿ ದೊಡ್ಡವರು ಸುಮ್ಮನಿರಲಿಲ್ಲ. ಹುಡುಗ ಒದ್ದಾಡಿದ ಸುದ್ದಿ ಊಟದ ಮನೆಗೆ ತಲುಪಿತ್ತು. ಬೀಗಿತ್ತಿ, "ಬೆಳಿಗ್ಗೆ ಸರಿಯಾಗಿ ತಿಂದಿರ್ಲಿಲ್ಲ, ತಲೆ ಸುತ್ತಿರುತ್ತೆ," ಎಂದರು. ಯಾರೂ ನೋಡದಾಗ ಕೈಚೀಲದಿಂದ ಒಂದರ ಬದಲು ಎರಡು ವಿಟಮಿನ್ ತೆಗೆದು ಮಗನ ಬಾಯಿಗೆ ಹಾಕುತ್ತಿದ್ದರಂತೆ, ಸಿಸ್ಟರ್ ಆಮೇಲೆ ಹೇಳಿದಳು. ಬೀಗರು, "ಇವ್ರ ಔಷಧೀಲೇ ಏನೋ ಇದೆ," ಎಂದು ಬಾವನ ಮೇಲೆ ಕೂಗಾಡಿದರು. ಬಾವ ತಿರುಗಿ ಕೂಗಿದರು. ನನ್ನ ವಾರಗಿತ್ತಿ, ಅಂದರೆ ಹುಡುಗಿಯ ತಾಯಿ, ಮಾತಿಗೆ ಬದಲು ಅಳು ಆರಿಸಿಕೊಂಡರು. ಅತ್ತೆ ಮಾತ್ರ ನೇರವಾಗಿ ನನ್ನ ಕೋಣೆಗೆ ಬಂದರು.

"ಒಂದು ಸಾಕಾಗ್ಲಿಲ್ಲ ಅನ್ಸುತ್ತೆ. ಅದಕ್ಕಿಂತ ದೊಡ್ಡದು ಏನಿದೆ?"

"ಅದನ್ನ ನಿಲ್ಲಿಸಿದ್ದೀನಿ ಅತ್ತೆ."

"ನಿಲ್ಲಿಸಿ?"

"ಕ್ಲಾಕ್ಸಾಸಿಲಿನ್ ಶುರು ಮಾಡಿದ್ದೀನಿ." ಅವರು ಬಾಯಿ ತೆರೆಯುವ ಮೊದಲೇ, "ಇದು ನಾವು ಡಾಕ್ಟ್ರುಗಳು ನಮ್ಮ ಮನೆಯವ್ರಿಗೆ ಕೊಟ್ಕೊಳ್ಳೋದು," ಎಂದೆ.

ಇದರಲ್ಲಿ ಸುಳ್ಳೇನೂ ಇರಲಿಲ್ಲ. ಮಾವನ ಬೆರಳಲ್ಲಿ ಕೀವಾದಾಗ ಅವರು ನುಂಗಿದ್ದೂ ಅದನ್ನೇ. ಅತ್ತೆ ಸ್ವಲ್ಪ ಯೋಚಿಸಿದರು. "ಹಾಗಿದ್ರೆ ಬೀಗಿತ್ತಿಗೆ ಹಾಗೇ ಹೇಳ್ತೀನಿ," ಎಂದು ಸಮಾಧಾನದಿಂದ ಹೋದರು. ಅಂತೂ ವಾಚ್‌ಮನ್ ಕ್ಯಾಪ್ಸೂಲು ಡಿಲಕ್ಸ್ ಕೋಣೆಗೆ ಹತ್ತಿತು.

ಮಾರನೇ ದಿನದ ಹೊತ್ತಿಗೆ ಎರಡೂ ಕಡೆಯ ಹಿರಿಯರು ಕೂಗಿ ಕೂಗಿ ಸುಸ್ತಾಗಿ ರಾಜಿಗೆ ಬಂದಿದ್ದರು. ಜ್ವರ ತಲೆಗೇರಿ ಹಾಗಾಯಿತು ಎನ್ನುವುದು ಇಬ್ಬರೂ ಒಪ್ಪಿದ ಮಾತು. ಅದರಲ್ಲಿ ಅವರ ಮಗನಿಗೂ ದೋಷವಿಲ್ಲ, ನಮ್ಮ ಆಸ್ಪತ್ರೆಗೂ ದೋಷವಿಲ್ಲ. ಜ್ವರ ಫಿಟ್ಸ್ ಬರುವ ಮೊದಲೇ ಬಿಟ್ಟು ಹೋಗಿತ್ತು, ಪಾಪ, ಅದರ ಪರ ಮಾತಾಡಲು ಯಾರೂ ಇರಲಿಲ್ಲ. ಎಲ್ಲರೂ ಈ ಸಂತೋಷಕ್ಕೆ ಡಿಲಕ್ಸ್ ಕೋಣೆಯಲ್ಲಿ ಸೇರಿದ್ದರು. ಹುಡುಗನನ್ನು ಕ್ಯಾಪ್ಸೂಲು ಮತ್ತು ಹೊಸ ಮಾತ್ರೆಗಳ ಜೊತೆ ಮನೆಗೆ ಕಳಿಸಬೇಕು. ಸಿಸ್ಟರ್ ತನ್ನ ಕೆಲಸದ ಪ್ರಕಾರ ಕೇಳಿದಳು.

"ಮನೇಲಿ ಬೇರೆ ಏನು ಮಾತ್ರೆ ತಗೋತಾರೆ?"

"ಬರೀ ವಿಟ..." ಎಂದರು ಬೀಗಿತ್ತಿ.

"ಅಮ್ಮ, ನಾನು ಹೇಳ್ತೀನಿ."

ಹುಡುಗ ಎದ್ದು ಕೂತ. ತಾಯಿ ಹಣೆ ಒರೆಸಲು ಕೈ ಎತ್ತಿದರು, ಅವನು ಆ ಕೈಯನ್ನು ಮೆಲ್ಲಗೆ ಹಿಡಿದು ತನ್ನ ಪಕ್ಕದಲ್ಲಿ ಇಟ್ಟುಕೊಂಡ.

"ನಂಗೆ ಫಿಟ್ಸ್ ಇದೆ. ಹೈಸ್ಕೂಲಿಂದ. ಅದಕ್ಕೆ ವಾಲ್ಪ್ರೋಯೇಟ್ ತಗೋತೀನಿ, ಅದು ವಿಟಮಿನ್ ಅಲ್ಲ. ನಾನು ಅವತ್ತೇ ಹೇಳ್ಬೇಕಿತ್ತು. ಇವರಿಗೆ ಗೊತ್ತು." ಕಡೆಯ ಮಾತಿಗೆ ಹುಡುಗಿಯ ಕಡೆ ನೋಡಿದ.

"ಹೌದು, ಗೊತ್ತು," ಎಂದಳು ಅವಳು. "ನಂಗೇನೂ ತೊಂದ್ರೆ ಇಲ್ಲ. ಅವ್ರಿಗೆ ಬೇರೆ ಶೂ ಕೊಡಿಸ್ತೀನಿ."

ಬಾವ ಮಗಳನ್ನು ನೋಡಿದರು, ನನ್ನನ್ನು ನೋಡಿದರು. ನಾನು ನಾಲ್ಕು ಮಾತಿನಲ್ಲಿ ಪೊಟ್ಟಣದ ಕತೆ ಹೇಳಿದೆ. ಅವರು ಡಾಕ್ಟರು, ಅರ್ಥವಾಯಿತು. ತಲೆ ತಗ್ಗಿಸಿದರು. ಅತ್ತೆಗೆ ಅರ್ಥವಾದದ್ದು ಇಷ್ಟೇ: ತಾವು ಪ್ರೀತಿಯಿಂದ ಬಡಿಸಿದ್ದು ಅಳಿಯನಿಗೆ ವಿಷವಾಗಿತ್ತು. ಅವರ ಮುಖ ಬಾಡಿಹೋಯಿತು. ನನಗೆ ಗೆದ್ದ ಖುಷಿ ಆಗಬೇಕಿತ್ತು, ಆಗಲಿಲ್ಲ.

ಆದರೆ ಅತ್ತೆ ಹೆಚ್ಚು ಹೊತ್ತು ಬಾಡಿರುವವರಲ್ಲ. ಎರಡು ದಿನದ ಕೂಗಾಟದಿಂದ ಬೀಗರ ಗಂಟಲು ಕಟ್ಟಿಹೋಗಿತ್ತು. ಅವರು ಒಂದು ಸಲ ಕೆಮ್ಮಿದ್ದೇ ತಡ, ಅತ್ತೆಗೆ ಉಪಚಾರದ ದಾರಿ ಮತ್ತೆ ಕಂಡಿತು.

"ಅಯ್ಯೋ, ಬೀಗರಿಗೆ ಗಂಟಲು," ಎಂದು ನನ್ನ ಕಡೆ ಕೈ ಚಾಚಿದರು. ಬೀಗದ ಕೈ ಆ ಹೊತ್ತಿಗೆ ನನ್ನ ಜೇಬಿಗೆ ವಾಪಸ್ ಬಂದಿತ್ತು.

ನಾನು ಬೀಗರ ಕಡೆ ತಿರುಗಿದೆ. "ನೀವು ದಿನಾ ಏನಾದ್ರೂ ಮಾತ್ರೆ ತಗೋತೀರಾ?"

"ಅವ್ರಿಗೆ ಏನೂ ಇಲ್ಲ," ಎಂದರು ಬೀಗಿತ್ತಿ. ಇಷ್ಟೆಲ್ಲ ಆದ ಮೇಲೂ ಆ ಮಾತು ಅವರ ಬಾಯಿಂದ ತಾನಾಗಿ ಬಂತು. "ಕಲ್ಲುಗುಂಡಿನ ಥರ ಇದಾರೆ."

"ಅಪ್ಪ, ನೀವೇ ಹೇಳಿ," ಎಂದ ಹುಡುಗ.

ಬೀಗರು ಪಾರ್ಕಿಂಗ್ ಜಾಗವನ್ನು ಇನ್ನೊಂದು ಸಲ ನೋಡಿದರು. ಆಮೇಲೆ ಅಂಗಿಯ ಒಳಜೇಬಿಗೆ ಕೈ ಹಾಕಿ ಒಂದು ಪುಟ್ಟ ಬಾಟಲಿ ತೆಗೆದರು.

"ಎದೆ ಹಿಡಿದಾಗ ನಾಲಿಗೆ ಕೆಳಗೆ ಇಟ್ಕೊಳ್ಳೋದು," ಎಂದರು. "ಹೋದ ವರ್ಷದಿಂದ. ಇವಳು ಗಾಬರಿ ಆಗ್ತಾಳೆ ಅಂತ ಹೇಳಿರ್ಲಿಲ್ಲ."

ಬೀಗಿತ್ತಿ ಕೈಚೀಲವನ್ನು ಎದೆಗೆ ಒತ್ತಿಕೊಂಡು ಆ ಬಾಟಲಿಯನ್ನೇ ನೋಡುತ್ತ ಕೂತರು. ಇಷ್ಟು ವರ್ಷ ಮಗನ ಕಾಯಿಲೆಯನ್ನು ಊರಿಂದ ಬಚ್ಚಿಟ್ಟವರಿಂದಲೇ, ಅದೇ ಮನೆಯಲ್ಲಿ, ಗಂಡ ಇನ್ನೊಂದನ್ನು ಬಚ್ಚಿಟ್ಟಿದ್ದರು. ಆಕೆಯ ಕಣ್ಣು ತುಂಬಿತು. ಅವರ ಮೇಲೆ ನನಗಿದ್ದ ಸಿಟ್ಟು ಅಲ್ಲಿಗೆ ಇಳಿದುಹೋಯಿತು.

ಅತ್ತೆ ಚಾಚಿದ ಕೈಯನ್ನು ನಿಧಾನವಾಗಿ ಹಿಂದಕ್ಕೆ ತೆಗೆದುಕೊಂಡರು. ಏನೋ ಹೊಳೆದವರ ಹಾಗೆ ಮಾವನ ಕಡೆ ತಿರುಗಿದರು.

"ನಿಮ್ದೇನಾದ್ರೂ ಇದೆಯಾ?"

ಮಾವ, ಇಡೀ ಜೀವಮಾನ ಆಸ್ಪತ್ರೆಯಲ್ಲೇ ಕಳೆದ ಸರ್ಜನ್, ಬಾಟಲಿ ತೂಗುಹಾಕುವ ಕಬ್ಬಿಣದ ಕಂಬವನ್ನು ಈಗಷ್ಟೇ ಮೊದಲ ಸಲ ನೋಡುತ್ತಿರುವವರ ಹಾಗೆ ನೋಡುತ್ತ ನಿಂತಿದ್ದರು.